ಚರ್ಮ ಮತ್ತು ಉತ್ಕರ್ಷಣರೋಧಕಗಳು

ಆಮ್ಲಜನಕದಿಂದ ಹುಟ್ಟುವ ಅತಿ ಚುರುಕಿನ ಅಣುಗಳನ್ನು ತಣಿಸಿ, ಜೀವಕೋಶದ ಕೊಬ್ಬು, ಪ್ರೋಟೀನು ಮತ್ತು ಡಿಎನ್‌ಎಗಳನ್ನು ಹಾನಿಯಿಂದ ಕಾಯುವ ವಸ್ತುಗಳನ್ನು ಉತ್ಕರ್ಷಣರೋಧಕಗಳೆನ್ನುತ್ತಾರೆ. ಬಳಕೆಯ ಮಾತಿನಲ್ಲಿ ಇವು ಆಂಟಿಆಕ್ಸಿಡೆಂಟ್‌ಗಳು. ದೇಹದ ಯಾವ ಅಂಗವೂ ಇವಿಲ್ಲದೆ ಉಳಿಯದು, ಆದರೆ ಚರ್ಮದಲ್ಲಿ ಇವಕ್ಕೆ ಬಿಡುವೇ ಇಲ್ಲ. ಮಿಕ್ಕ ಬಹುತೇಕ ಅಂಗಗಳಿಗೆ ಆಮ್ಲಜನಕ ಬರುವುದು ರಕ್ತದ ಮೂಲಕ ಮಾತ್ರ. ಚರ್ಮಕ್ಕೆ ಒಳಗಿನ ರಕ್ತದಿಂದಲೂ ಬರುತ್ತದೆ, ಹೊರಗಿನ ಗಾಳಿಯಿಂದಲೂ ಬರುತ್ತದೆ. ಮೇಲ್ಮೈಯ ಸುಮಾರು 0.25ರಿಂದ 0.4 ಮಿಲಿಮೀಟರ್ ದಪ್ಪದ ಭಾಗ ತನಗೆ ಬೇಕಾದ ಆಮ್ಲಜನಕವನ್ನು ಹೆಚ್ಚುಕಡಿಮೆ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಅದೇ ಭಾಗದ ಮೇಲೆ ಬಿಸಿಲು ಬೀಳುತ್ತದೆ, ಹೊಗೆ ಕೂರುತ್ತದೆ, ಸೂಕ್ಷ್ಮಾಣುಗಳು ಬೀಡುಬಿಡುತ್ತವೆ. ಆಮ್ಲಜನಕ ಮತ್ತು ಬೆಳಕು ಒಂದೇ ಕಡೆ ಇಷ್ಟು ಧಾರಾಳವಾಗಿ ಸೇರುವ ಅಂಗ ಕಣ್ಣನ್ನು ಬಿಟ್ಟರೆ ಚರ್ಮವೇ. ಚರ್ಮದ ಮುಪ್ಪು, ಕಲೆ, ಕ್ಯಾನ್ಸರುಗಳ ಕತೆಯಲ್ಲಿ ಬಹುಪಾಲು ಈ ಸಂಗಮದಿಂದ ಹೊರಡುತ್ತದೆ.

ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರ್. ಮೇಲಿರುವುದು ಹೊರಚರ್ಮ. ಅದರ ತುದಿಯಲ್ಲಿ ಸತ್ತ, ಚಪ್ಪಟೆಯಾದ ಕೋಶಗಳು ಕೊಬ್ಬಿನ ನಡುವೆ ಒತ್ತಾಗಿ ಕೂತ ಕೊಂಬುಪದರವಿದೆ. ಬುಡದಲ್ಲಿ ಹೊಸ ಕೋಶಗಳು ಹುಟ್ಟಿ, ಸುಮಾರು ನಾಲ್ಕು ವಾರಗಳಲ್ಲಿ ಮೇಲೇರಿ ಉದುರುತ್ತವೆ. ಬಣ್ಣ ಕೊಡುವ ಮೆಲನಿನ್ನನ್ನು ತಯಾರಿಸುವ ಕೋಶಗಳೂ ಆ ಬುಡದಲ್ಲೇ ಇವೆ. ಕೆಳಗಿನ ಒಳಚರ್ಮ ಕೊಲ್ಲಾಜೆನ್ ಮತ್ತು ಇಲಾಸ್ಟಿನ್ ಎಂಬ ನಾರುಗಳ ಹೆಣಿಗೆ. ಹೊರಚರ್ಮ ಬೇಗ ಬೇಗ ಹೊಸದಾಗುತ್ತದೆ, ಒಳಚರ್ಮ ಹಾಗಲ್ಲ: ಚರ್ಮದ ಕೊಲ್ಲಾಜೆನ್ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕು. ಆದ್ದರಿಂದ ಒಳಚರ್ಮದಲ್ಲಿ ಆದ ಗಾಯ ದಶಕಗಳ ಕಾಲ ಉಳಿಯುತ್ತದೆ, ಒಂದರ ಮೇಲೊಂದು ಪೇರುತ್ತಾ ಹೋಗುತ್ತದೆ.

ಹಾನಿಯ ಮೂಲ

ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನು ಇರುವ ಅಣುವೇ ಫ್ರೀ ರ್‍ಯಾಡಿಕಲ್. ಅದು ಪಕ್ಕದ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ತಾನು ಶಾಂತವಾಗುತ್ತದೆ, ಪಕ್ಕದ್ದನ್ನು ರ್‍ಯಾಡಿಕಲ್ ಮಾಡಿಬಿಡುತ್ತದೆ. ಇಂಥ ವಸ್ತು ಸ್ವತಂತ್ರವಾಗಿ ಇರಬಲ್ಲದು ಎಂದು ಮಿಷಿಗನ್ ವಿಶ್ವವಿದ್ಯಾಲಯದ ಮೋಸಸ್ ಗೋಂಬರ್ಗ್ 1900ರಲ್ಲಿ ತೋರಿಸಿದಾಗ ಅದು ಶುದ್ಧ ರಸಾಯನಶಾಸ್ತ್ರದ ಸಂಗತಿಯಾಗಿತ್ತು. ಜೀವಿಗಳೊಂದಿಗೆ ಅದರ ನಂಟು ಬೆಳಕಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಅತಿಯಾದ ಆಮ್ಲಜನಕದ ವಿಷಗುಣಕ್ಕೂ ಎಕ್ಸ್-ಕಿರಣದ ಹಾನಿಗೂ ಮೂಲ ಒಂದೇ, ಅದು ರ್‍ಯಾಡಿಕಲ್‌ಗಳು ಎಂದು ಅರ್ಜೆಂಟೀನಾ ಮೂಲದ ರೆಬೆಕಾ ಗರ್ಷ್ಮನ್ 1954ರಲ್ಲಿ ಹೇಳಿದರು. 1956ರಲ್ಲಿ ಡೆನಮ್ ಹಾರ್ಮನ್ ಮುಪ್ಪಿಗೇ ಇದು ಕಾರಣವೆಂಬ ಸಿದ್ಧಾಂತ ಮಂಡಿಸಿದರು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೋವಿಚ್, ಸೂಪರಾಕ್ಸೈಡ್ ಎಂಬ ರ್‍ಯಾಡಿಕಲ್ಲನ್ನು ತೊಡೆಯಲೆಂದೇ ಇರುವ ಕಿಣ್ವವೊಂದು ದೇಹದಲ್ಲಿದೆ ಎಂದು ಕಂಡುಹಿಡಿದದ್ದು ದೊಡ್ಡ ತಿರುವು. ತೊಡೆಯುವ ಏರ್ಪಾಡು ಇದೆಯೆಂದ ಮೇಲೆ, ಆ ರ್‍ಯಾಡಿಕಲ್ ದೇಹದಲ್ಲಿ ದಿನವೂ ಹುಟ್ಟುತ್ತಿರಲೇಬೇಕು.

ಚರ್ಮದಲ್ಲಿ ಲೆಕ್ಕಕ್ಕೆ ಬರುವ ಚುರುಕು ಆಮ್ಲಜನಕದ ಅಣುಗಳು ಮುಖ್ಯವಾಗಿ ನಾಲ್ಕು. ಕೋಶದ ಉಸಿರಾಟದಲ್ಲಿ ಸೋರುವ ಸೂಪರಾಕ್ಸೈಡ್. ಅದರಿಂದಾಗುವ ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣದ ಅಯಾನುಗಳ ಸಂಪರ್ಕದಲ್ಲಿ ಪೆರಾಕ್ಸೈಡ್ ಒಡೆದು ಹುಟ್ಟುವ ಹೈಡ್ರಾಕ್ಸಿಲ್ ರ್‍ಯಾಡಿಕಲ್. ಬೆಳಕಿನ ಶಕ್ತಿ ಹೀರಿ ಕೆರಳಿದ ಸಿಂಗ್ಲೆಟ್ ಆಮ್ಲಜನಕ. ಇವುಗಳಲ್ಲಿ ಹೈಡ್ರಾಕ್ಸಿಲ್ ಅತಿ ಉಗ್ರ. ಹುಟ್ಟಿದ ಜಾಗದಲ್ಲೇ ಕೈಗೆ ಸಿಕ್ಕಿದ್ದನ್ನು ಹಾಳುಮಾಡುವುದರಿಂದ ಅದನ್ನು ಹುಟ್ಟಿದ ಮೇಲೆ ಹಿಡಿಯುವುದು ಬಹುಮಟ್ಟಿಗೆ ಆಗದ ಮಾತು. ಹುಟ್ಟದಂತೆ ನೋಡಿಕೊಳ್ಳುವುದೇ ಉಪಾಯ. ಉತ್ಪತ್ತಿಯ ವೇಗ ತಣಿಸುವ ಶಕ್ತಿಯನ್ನು ಮೀರಿದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂದು ಹೆಸರು. ಈ ಪರಿಕಲ್ಪನೆಯನ್ನು 1985ರಲ್ಲಿ ರೂಪಿಸಿದವರು ಜರ್ಮನಿಯ ಹೆಲ್ಮುಟ್ ಸೀಸ್.

ಚರ್ಮದ ಮೇಲಿನ ಉತ್ಕರ್ಷಣ ಒತ್ತಡಕ್ಕೆ ಮುಖ್ಯ ಕಾರಣ ಸೂರ್ಯನ ನೇರಳಾತೀತ ಕಿರಣಗಳು. 280ರಿಂದ 315 ನ್ಯಾನೋಮೀಟರ್ ತರಂಗಾಂತರದವು ಯುವಿ-ಬಿ, 315ರಿಂದ 400ರವರೆಗಿನವು ಯುವಿ-ಎ. ಯುವಿ-ಬಿ ಹೊರಚರ್ಮದಲ್ಲೇ ಹೆಚ್ಚಾಗಿ ಹೀರಿಹೋಗುತ್ತದೆ, ಡಿಎನ್‌ಎಗೆ ನೇರವಾಗಿ ತಾಗುತ್ತದೆ, ಚರ್ಮವನ್ನು ಸುಟ್ಟು ಕೆಂಪಾಗಿಸುತ್ತದೆ. ಭೂಮಿಯನ್ನು ಮುಟ್ಟುವ ನೇರಳಾತೀತದಲ್ಲಿ ಸುಮಾರು ಶೇ. 95 ಯುವಿ-ಎ. ಅದು ಉರಿ ಕೊಡದೆ ಒಳಚರ್ಮದವರೆಗೆ ಇಳಿಯುತ್ತದೆ, ಅಲ್ಲಿನ ಪಾರ್ಫಿರಿನ್, ರೈಬೋಫ್ಲೇವಿನ್ ಮುಂತಾದ ಅಣುಗಳನ್ನು ಕೆರಳಿಸಿ ಅವುಗಳ ಮೂಲಕ ಆಮ್ಲಜನಕವನ್ನು ಚುರುಕುಗೊಳಿಸುತ್ತದೆ. ಉತ್ಕರ್ಷಣರೋಧಕಗಳ ಮುಖ್ಯ ಎದುರಾಳಿ ಈ ಯುವಿ-ಎ. ಬೆಳಗ್ಗೆ, ಸಂಜೆ, ಮೋಡದ ದಿನಗಳಲ್ಲೂ ಅದು ಇರುತ್ತದೆ, ಸಾಮಾನ್ಯ ಕಿಟಕಿಗಾಜನ್ನೂ ದಾಟುತ್ತದೆ. ಕರ್ನಾಟಕದ ಮಟ್ಟಿಗೆ ಅಕ್ಷಾಂಶ ಮತ್ತು ಎತ್ತರ ಎರಡೂ ಬಿಸಿಲಿನ ಕಡೆಗೇ ಇವೆ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಏರಿದಾಗ ನೇರಳಾತೀತ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹವೆ ತಂಪೆನಿಸಿದರೂ ಕಿರಣದ ತೀವ್ರತೆ ಕಡಿಮೆಯಿಲ್ಲ. ತಂಪು ಗಾಳಿಯನ್ನು ನಂಬಿ ಬಿಸಿಲನ್ನು ಅಳೆಯುವುದು ದಕ್ಷಿಣದ ಪ್ರಸ್ಥಭೂಮಿಯಲ್ಲಿ ತಪ್ಪು ಲೆಕ್ಕವಾಗುತ್ತದೆ.

ಯುವಿ-ಎ ಏನು ಮಾಡಬಲ್ಲದೆಂಬುದಕ್ಕೆ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಒಂದು ಚಿತ್ರ ಪ್ರಸಿದ್ಧ ಸಾಕ್ಷಿ. ಅದರಲ್ಲಿರುವುದು 28 ವರ್ಷ ಸರಕಿನ ಟ್ರಕ್ ಓಡಿಸಿದ 69 ವರ್ಷದ ಅಮೆರಿಕದ ಚಾಲಕನ ಮುಖ. ಚಾಲಕನ ಆಸನ ಎಡಕ್ಕಿರುವ ಆ ದೇಶದಲ್ಲಿ ಪಕ್ಕದ ಕಿಟಕಿಯ ಬಿಸಿಲು ಬಿದ್ದದ್ದು ಎಡಗೆನ್ನೆಗೆ. ಆ ಅರ್ಧ ಮುಖ ದಪ್ಪಗಟ್ಟಿ, ಆಳವಾದ ನೆರಿಗೆಗಳಿಂದ ತುಂಬಿದೆ. ಬಲಭಾಗ ಅದಕ್ಕಿಂತ ಎಷ್ಟೋ ಎಳೆಯದಾಗಿ ಕಾಣುತ್ತದೆ. ಅನುವಂಶೀಯತೆ, ಆಹಾರ, ವಯಸ್ಸು ಎರಡೂ ಕೆನ್ನೆಗಳಿಗೆ ಒಂದೇ. ಬೇರೆಯಾದದ್ದು ಬೆಳಕು ಮಾತ್ರ.

ಚುರುಕಾದ ಆಮ್ಲಜನಕ ಮೊದಲು ಎರಗುವುದು ಕೊಬ್ಬಿನ ಮೇಲೆ. ಚರ್ಮದ ಎಣ್ಣೆಯಲ್ಲಿರುವ ಸ್ಕ್ವಾಲೀನ್ ಬಹುಬೇಗ ಉತ್ಕರ್ಷಣಗೊಳ್ಳುತ್ತದೆ. ಕೋಶಪೊರೆಯ ಅಪರ್ಯಾಪ್ತ ಕೊಬ್ಬಿನಲ್ಲಿ ಒಂದು ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸಿ ಸರಪಳಿಯಾಗಿ ಹಬ್ಬುತ್ತದೆ. ಡಿಎನ್‌ಎಯಲ್ಲಿ ಗ್ವಾನೀನ್ ಎಂಬ ಘಟಕ ಉತ್ಕರ್ಷಣಗೊಂಡು ಪ್ರತಿಯಾಗುವಾಗ ತಪ್ಪು ಅಕ್ಷರ ಸೇರುತ್ತದೆ. ಕೊಲ್ಲಾಜೆನ್ನಿನ ಕತೆ ಬೇರೆ. ರ್‍ಯಾಡಿಕಲ್‌ಗಳು ಅದನ್ನು ನೇರವಾಗಿ ಕಡಿಯುವುದಕ್ಕಿಂತ ಹೆಚ್ಚಾಗಿ, ಕೋಶದೊಳಗೆ ತಪ್ಪು ಸಂಜ್ಞೆ ಎಬ್ಬಿಸುತ್ತವೆ. ಎಪಿ-1 ಎಂಬ ವಂಶವಾಹಿ ನಿಯಂತ್ರಕ ಎಚ್ಚೆತ್ತು, ಕೊಲ್ಲಾಜೆನ್ ಕತ್ತರಿಸುವ ಕಿಣ್ವಗಳನ್ನು ತಯಾರಿಸುತ್ತದೆ, ಹೊಸ ಕೊಲ್ಲಾಜೆನ್ನಿನ ಉತ್ಪಾದನೆಯನ್ನೂ ತಗ್ಗಿಸುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್, ಜಾನ್ ವೂರೀಸ್ ಮತ್ತು ಸಂಗಡಿಗರು 1996 ಮತ್ತು 1997ರಲ್ಲಿ ಮನುಷ್ಯರ ಚರ್ಮದಲ್ಲೇ ಇದನ್ನು ತೋರಿಸಿದರು. ಅವರ ಕೆಲಸದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದದ್ದು ಪ್ರಮಾಣದ ಸಂಗತಿ: ಚರ್ಮ ಕೆಂಪಾಗಲು ಬೇಕಾದದ್ದಕ್ಕಿಂತ ಬಹಳ ಕಡಿಮೆ ಕಿರಣ ಸಾಕು, ಕೆಲವೇ ಗಂಟೆಗಳಲ್ಲಿ ಈ ಕಿಣ್ವಗಳು ಏರುತ್ತವೆ. ಸುಡದ ಬಿಸಿಲು ನಿರಪಾಯ ಎಂಬ ನಂಬಿಕೆ ಹೀಗೆ ಬಿದ್ದುಹೋಯಿತು.

ಹಾನಿ ಬಿಸಿಲಿನಲ್ಲೇ ಮುಗಿಯುವುದೂ ಇಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಜಯ್ ಪ್ರೇಮಿ, ಡಗ್ಲಸ್ ಬ್ರ್ಯಾಷ್ ಮತ್ತಿತರರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದಂತೆ, ಮೆಲನಿನ್ ಇರುವ ಕೋಶಗಳಲ್ಲಿ ಕಿರಣ ನಿಂತು ಮೂರು ಗಂಟೆಗೂ ಹೆಚ್ಚು ಹೊತ್ತಿನವರೆಗೆ ಡಿಎನ್‌ಎ ಗಾಯಗಳು ಹೊಸದಾಗಿ ಆಗುತ್ತಲೇ ಇರುತ್ತವೆ. ನೇರಳಾತೀತದಿಂದ ಹುಟ್ಟಿದ ಸೂಪರಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಕೂಡಿ ಮೆಲನಿನ್ನಿನ ತುಣುಕುಗಳನ್ನು ಕೆರಳಿಸುತ್ತವೆ. ಆ ತುಣುಕುಗಳು ತಮ್ಮ ಶಕ್ತಿಯನ್ನು ಕತ್ತಲಲ್ಲೇ ಡಿಎನ್‌ಎಗೆ ದಾಟಿಸುತ್ತವೆ. ಬಿಸಿಲಿಂದ ಮನೆಗೆ ಬಂದ ಮೇಲೂ ಉತ್ಕರ್ಷಣರೋಧಕಗಳಿಗೆ ಕೆಲಸವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಕಡಿಮೆ.

ಹೊಗೆ ಮತ್ತು ಕಲುಷಿತ ಗಾಳಿ ಎರಡನೆಯ ಮೂಲ. ತಂಬಾಕಿನ ಹೊಗೆ ಬಾಯಿಯ ಸುತ್ತ ನೆರಿಗೆ ತರುವುದು ಬಹುಕಾಲದಿಂದ ಗೊತ್ತು. ಓಝೋನ್ ಚರ್ಮವನ್ನು ಒಳಹೊಗದಿದ್ದರೂ ಮೇಲ್ಪದರದ ವಿಟಮಿನ್ ಇ ಅನ್ನು ಬರಿದುಮಾಡುತ್ತದೆ. ವಾಹನಗಳ ಮಸಿಯ ಬಗ್ಗೆ ಜರ್ಮನಿಯಲ್ಲಿ 70–80 ವರ್ಷದ 400 ಮಹಿಳೆಯರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಮಸಿಯ ಪ್ರದೇಶದಲ್ಲಿ ಬಾಳಿದವರ ಮುಖದಲ್ಲಿ ಕಂದು ಕಲೆಗಳು ಹೆಚ್ಚಿದ್ದವು. ಚೀನಾದಲ್ಲಿ ಸೌದೆ, ಕಲ್ಲಿದ್ದಲ ಒಲೆಯ ಮುಂದೆ ಅಡುಗೆ ಮಾಡುವ ಮಹಿಳೆಯರಲ್ಲಿ ನೆರಿಗೆಗಳು ಹೆಚ್ಚೆಂದು ಕಂಡಿದೆ. ಹಳ್ಳಿಯ ಅಡುಗೆಮನೆಗಳ ಬಗ್ಗೆ ಯೋಚಿಸುವವರಿಗೆ ಇದು ಶ್ವಾಸಕೋಶದಷ್ಟೇ ಚರ್ಮದ ವಿಚಾರವೂ ಹೌದು. ಮೂರನೆಯ ಮೂಲ ಕಣ್ಣಿಗೆ ಕಾಣುವ ಬೆಳಕು. ಅದರಲ್ಲೂ ನೀಲಿ-ನೇರಳೆ ಭಾಗ ಕಂದು ಮತ್ತು ಕಪ್ಪು ಚರ್ಮದಲ್ಲಿ ಬಹುದಿನ ಉಳಿಯುವ ಕಪ್ಪನ್ನು ತರಬಲ್ಲದು.

ಚರ್ಮದ ಸ್ವಂತ ಕಾವಲು

ಚರ್ಮ ಈ ದಾಳಿಯನ್ನು ಬರಿಗೈಯಲ್ಲಿ ಎದುರಿಸುತ್ತಿಲ್ಲ. ಮೊದಲ ಸಾಲಿನಲ್ಲಿ ಕಿಣ್ವಗಳಿವೆ. ಸೂಪರಾಕ್ಸೈಡ್ ಡಿಸ್ಮ್ಯೂಟೇಸ್ ಸೂಪರಾಕ್ಸೈಡನ್ನು ಪೆರಾಕ್ಸೈಡ್ ಆಗಿಸುತ್ತದೆ. ಕೋಶರಸದಲ್ಲಿ ಅದಕ್ಕೆ ತಾಮ್ರ ಮತ್ತು ಸತು ಬೇಕು, ಮೈಟೊಕಾಂಡ್ರಿಯದಲ್ಲಿ ಮ್ಯಾಂಗನೀಸ್ ಬೇಕು. ಪೆರಾಕ್ಸೈಡನ್ನು ಕೆಟಲೇಸ್ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಅದೇ ಕೆಲಸವನ್ನು ಸೆಲೆನಿಯಂ ಹೊತ್ತ ಗ್ಲುಟಥಯೋನ್ ಪೆರಾಕ್ಸಿಡೇಸ್ ಬೇರೆ ದಾರಿಯಲ್ಲಿ ಮಾಡುತ್ತದೆ, ಕೆಟ್ಟ ಕೊಬ್ಬಿನ ಪೆರಾಕ್ಸೈಡನ್ನೂ ನಿರ್ವಿಷಗೊಳಿಸುತ್ತದೆ. ಇವುಗಳಲ್ಲಿ ಒಂದು ಮಾತ್ರ ಹೆಚ್ಚಿದ್ದರೆ ಸಾಲದು. ಸೂಪರಾಕ್ಸೈಡ್ ಕರಗಿದಷ್ಟೂ ಪೆರಾಕ್ಸೈಡ್ ಹುಟ್ಟುತ್ತದೆ, ಅದನ್ನು ಒಡೆಯುವ ಕೈ ಬಿಡುವಾಗಿರಬೇಕು. ತೊನ್ನಿನಲ್ಲಿ ಈ ಸಮತೋಲ ಕೆಟ್ಟಿರುವುದು ಕಂಡುಬಂದಿದೆ: ತೊನ್ನಿರುವವರ ಹೊರಚರ್ಮದಲ್ಲಿ ಕೆಟಲೇಸ್ ಕಡಿಮೆ, ಪೆರಾಕ್ಸೈಡ್ ಹೆಚ್ಚು. ಬಣ್ಣದ ಕೋಶಗಳನ್ನು ಕೊನೆಗೆ ಕೊಲ್ಲುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಆದರೂ, ಆ ಕೋಶಗಳು ಅದರ ಕಣ್ಣಿಗೆ ಬೀಳಲು ಉತ್ಕರ್ಷಣ ಒತ್ತಡ ಒಂದು ಕಾರಣವೆಂದು ಭಾವಿಸಲಾಗಿದೆ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ ಎಂಬುದನ್ನು ನಮ್ಮ ಸಮಾಜದಲ್ಲಿ ಇನ್ನೂ ಹೇಳುತ್ತಲೇ ಇರಬೇಕಾಗಿದೆ.

ಎರಡನೆಯ ಸಾಲಿನಲ್ಲಿ ಸಣ್ಣ ಅಣುಗಳಿವೆ. ನೀರಿನಲ್ಲಿ ಕರಗುವವು ವಿಟಮಿನ್ ಸಿ, ಗ್ಲುಟಥಯೋನ್, ಯೂರಿಕ್ ಆಮ್ಲ. ಕೊಬ್ಬಿನಲ್ಲಿ ಕರಗುವವು ವಿಟಮಿನ್ ಇ, ಕೋಎನ್‌ಜೈಮ್ ಕ್ಯೂ-10, ಕ್ಯಾರೊಟಿನಾಯ್ಡ್‌ಗಳು. ಒಟ್ಟಾರೆ ಒಳಚರ್ಮಕ್ಕಿಂತ ಹೊರಚರ್ಮದಲ್ಲಿ ಇವುಗಳ ಸಾಂದ್ರತೆ ಹೆಚ್ಚು. ಏಟು ಮೊದಲು ಬೀಳುವಲ್ಲಿ ದಾಸ್ತಾನೂ ಹೆಚ್ಚಾಗಿದೆ. ಮುಖದಂತಹ ಜಾಗಗಳಲ್ಲಿ ವಿಟಮಿನ್ ಇ ಚರ್ಮದ ಎಣ್ಣೆಯ ಜೊತೆ ಮೇಲ್ಮೈಗೆ ಸುರಿಯುತ್ತಲೇ ಇರುತ್ತದೆ. ಆದರೂ ಚರ್ಮ ಕೆಂಪಾಗದಷ್ಟು ಕಡಿಮೆ ಬಿಸಿಲೇ ಕೊಂಬುಪದರದ ವಿಟಮಿನ್ ಇಯಲ್ಲಿ ಗಣನೀಯ ಪಾಲನ್ನು ಕರಗಿಸಿಬಿಡುತ್ತದೆ ಎಂದು ಬರ್ಕ್ಲಿಯ ಲೆಸ್ಟರ್ ಪ್ಯಾಕರ್ ಅವರ ಬಳಗ ತೋರಿಸಿತು.

ಈ ಅಣುಗಳ ನಿಜವಾದ ಬಲ ಇರುವುದು ಒಂದಕ್ಕೊಂದು ನೀಡುವ ಆಸರೆಯಲ್ಲಿ. ವಿಟಮಿನ್ ಇ ಕೋಶಪೊರೆಯಲ್ಲಿ ಕೂತು ಕೊಬ್ಬಿನ ರ್‍ಯಾಡಿಕಲ್ಲಿಗೆ ಎಲೆಕ್ಟ್ರಾನು ಕೊಟ್ಟು ಸರಪಳಿಯನ್ನು ಕಡಿಯುತ್ತದೆ, ಆದರೆ ಆಗ ತಾನೇ ಒಂದು ರ್‍ಯಾಡಿಕಲ್ ಆಗುತ್ತದೆ. ಪೊರೆಯ ಅಂಚಿನಲ್ಲಿರುವ ವಿಟಮಿನ್ ಸಿ ಅದಕ್ಕೆ ಎಲೆಕ್ಟ್ರಾನು ತುಂಬಿ ಮತ್ತೆ ಕೆಲಸಕ್ಕೆ ನಿಲ್ಲಿಸುತ್ತದೆ. ಖರ್ಚಾದ ವಿಟಮಿನ್ ಸಿಯನ್ನು ಗ್ಲುಟಥಯೋನ್ ಸರಿಪಡಿಸುತ್ತದೆ. ಗ್ಲುಟಥಯೋನನ್ನು ಕೋಶದ ಚಯಾಪಚಯದಿಂದ ಬರುವ ಎನ್‌ಎಡಿಪಿಎಚ್ ಹೊಸದಾಗಿಸುತ್ತದೆ. ಬೆಂಕಿ ಬಿದ್ದ ಮನೆಗೆ ಊರವರು ಸಾಲಾಗಿ ನಿಂತು ಬಾವಿಯಿಂದ ಕೊಡ ದಾಟಿಸಿದಂತೆ ಎಲೆಕ್ಟ್ರಾನು ಕೈಯಿಂದ ಕೈಗೆ ಹೋಗುತ್ತದೆ. ಸಾಲಿನಲ್ಲಿ ಒಬ್ಬರು ಇಲ್ಲದಿದ್ದರೆ ಮುಂದಿನವರ ಕೈ ಬರಿದು. ವಿಟಮಿನ್ ಇ ಮತ್ತು ಸಿ ನಡುವಿನ ಈ ಹಸ್ತಾಂತರವನ್ನು ಪ್ಯಾಕರ್, ಸ್ಲೇಟರ್ ಮತ್ತು ವಿಲ್ಸನ್ 1979ರಲ್ಲಿ ನೇರವಾಗಿ ಗಮನಿಸಿ ದಾಖಲಿಸಿದರು. ಒಂದೇ ವಿಟಮಿನ್ನನ್ನು ಹೇರಳವಾಗಿ ಕೊಟ್ಟ ಪ್ರಯೋಗಗಳು ಮತ್ತೆ ಮತ್ತೆ ನಿರಾಸೆ ತಂದುದರ ಹಿಂದೆ ಈ ಪರಸ್ಪರ ಅವಲಂಬನೆಯೂ ಇದೆ.

ಮೂರನೆಯ ವ್ಯವಸ್ಥೆ ಸನ್ನಿವೇಶಕ್ಕೆ ತಕ್ಕಂತೆ ಏಳುವಂಥದು. ಕೋಶದಲ್ಲಿ ಎನ್‌ಆರ್‌ಎಫ್-2 ಎಂಬ ಪ್ರೋಟೀನನ್ನು ಕೀಪ್-1 ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟು ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಉತ್ಕರ್ಷಣ ಒತ್ತಡ ಕೀಪ್-1ಅನ್ನು ಮಾರ್ಪಡಿಸಿದಾಗ ಆ ಹಿಡಿತ ಸಡಿಲವಾಗುತ್ತದೆ. ಎನ್‌ಆರ್‌ಎಫ್-2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಥಯೋನ್ ತಯಾರಿಯೂ ಸೇರಿದಂತೆ ನೂರಾರು ರಕ್ಷಣಾ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಜಪಾನಿನ ಮಸಯುಕಿ ಯಮಮೊಟೊ ಅವರ ಬಳಗ 1990ರ ದಶಕದ ಕೊನೆಯಲ್ಲಿ ಇದನ್ನು ಬಿಡಿಸಿಟ್ಟಿತು. ಬ್ರೊಕೋಲಿ ಮೊಳಕೆಯಲ್ಲಿರುವ ಸಲ್ಫೊರಫೇನ್ ಈ ಮಾರ್ಗವನ್ನು ಎಬ್ಬಿಸುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ಟಲಾಲೆ ಮತ್ತು ಸಂಗಡಿಗರು 2007ರಲ್ಲಿ ಆ ಮೊಳಕೆಯ ಸಾರವನ್ನು ಸ್ವಯಂಸೇವಕರ ಚರ್ಮಕ್ಕೆ ಹಚ್ಚಿ, ನೇರಳಾತೀತದಿಂದಾಗುವ ಕೆಂಪು ತಗ್ಗುವುದನ್ನು ತೋರಿಸಿದರು. ಇದು ಸಣ್ಣ ಪ್ರಯೋಗ, ಆದರೆ ಹಿಂದಿನ ತತ್ವ ದೊಡ್ಡದು: ರಕ್ಷಕ ಅಣುವನ್ನು ಹೊರಗಿನಿಂದ ತಂದು ಸುರಿಯುವುದಕ್ಕಿಂತ ಚರ್ಮವೇ ಅದನ್ನು ಹೆಚ್ಚು ತಯಾರಿಸುವಂತೆ ಮಾಡುವುದು.

ಮೆಲನಿನ್ ಒಂದು ವಿಶಿಷ್ಟ ಉತ್ಕರ್ಷಣರೋಧಕ. ಕಂದು-ಕಪ್ಪು ಬಣ್ಣದ ಯೂಮೆಲನಿನ್ ಕಿರಣವನ್ನು ತಡೆಯುತ್ತದೆ, ರ್‍ಯಾಡಿಕಲ್‌ಗಳನ್ನೂ ಹೀರುತ್ತದೆ. ಕೆಂಪು ಕೂದಲಿನವರಲ್ಲಿ ಹೆಚ್ಚಿರುವ ಫಿಯೋಮೆಲನಿನ್ ಬೆಳಕಿನಲ್ಲಿ ತಾನೇ ರ್‍ಯಾಡಿಕಲ್‌ಗಳನ್ನು ಹುಟ್ಟಿಸಬಲ್ಲದು. ಭಾರತೀಯರ ಚರ್ಮದಲ್ಲಿ ಯೂಮೆಲನಿನ್ ಚೆನ್ನಾಗಿರುವುದರಿಂದ ಬಿಸಿಲಿನ ಚರ್ಮಕ್ಯಾನ್ಸರು ಬಿಳಿಯರಿಗಿಂತ ಬಹಳ ಕಡಿಮೆ, ನೆರಿಗೆಯೂ ತಡವಾಗಿ ಬರುತ್ತದೆ. ಇಲ್ಲಿ ಹಾನಿ ಮೊದಲು ಕಾಣಿಸಿಕೊಳ್ಳುವುದು ಬಣ್ಣದಲ್ಲಿ: ಕೆನ್ನೆಯ ಬಂಗು, ಮೊಡವೆ ಮಾಗಿದ ಕಲೆ, ಕಣ್ಣಿನ ಸುತ್ತಲ ಕಪ್ಪು. ಉತ್ಕರ್ಷಣ ಒತ್ತಡ ಮೆಲನಿನ್ ಕೋಶಗಳನ್ನು ಪ್ರಚೋದಿಸುವುದರಿಂದ ಬಂಗಿನ ಚಿಕಿತ್ಸೆಯಲ್ಲಿ ಉತ್ಕರ್ಷಣರೋಧಕಗಳಿಗೂ ಜಾಗವಿದೆ.

ಹಚ್ಚುವ ಔಷಧಗಳು

ಹಚ್ಚುವ ಉತ್ಕರ್ಷಣರೋಧಕಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ವಿಟಮಿನ್ ಸಿ, ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲ. ಮನುಷ್ಯರ ದೇಹ ಇದನ್ನು ತಯಾರಿಸಲಾರದು. ತಯಾರಿಕೆಯ ಕೊನೆಯ ಹಂತದ ವಂಶವಾಹಿ ನಮ್ಮಲ್ಲಿ ಕೆಟ್ಟುಹೋಗಿದೆ. ಬಾಯಲ್ಲಿ ತೆಗೆದುಕೊಂಡರೆ ದಿನಕ್ಕೆ 200ರಿಂದ 400 ಮಿಲಿಗ್ರಾಂ ದಾಟಿದ ಮೇಲೆ ರಕ್ತದ ಮಟ್ಟ ಹೆಚ್ಚು ಏರುವುದಿಲ್ಲ. ಚರ್ಮದಲ್ಲಿ ಅದಕ್ಕಿಂತ ಹೆಚ್ಚು ಬೇಕೆಂದರೆ ಮೇಲಿನಿಂದ ಹಚ್ಚಬೇಕು, ಅದು ಸುಲಭವಲ್ಲ. ಕೊಂಬುಪದರ ವಿದ್ಯುದಾವೇಶವಿರುವ ಅಣುಗಳನ್ನು ಒಳಬಿಡುವುದಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನೆಲ್ 2001ರಲ್ಲಿ ತೋರಿಸಿದ ಪ್ರಕಾರ ದ್ರಾವಣದ ಪಿಎಚ್ 3.5ಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದು ಚರ್ಮದೊಳಗೆ ಹೋಗುತ್ತದೆ, ಶೇ. 20ರ ಸಾಂದ್ರತೆಯಾಚೆ ಲಾಭವಿಲ್ಲ. ಈ ಆಮ್ಲೀಯತೆಯಿಂದ ಸೂಕ್ಷ್ಮ ಚರ್ಮದವರಿಗೆ ಉರಿಯಾಗಬಹುದು. ಇನ್ನೊಂದು ಕಷ್ಟ, ಆ ವಸ್ತುವಿನ ಅಸ್ಥಿರತೆ. ಗಾಳಿ, ಬೆಳಕು, ಸೆಕೆ ತಗುಲಿದರೆ ಅದು ಹಳದಿಯಾಗಿ, ಕಂದಾಗಿ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕೇ ಗಾಢ ಬಣ್ಣದ ಶೀಶೆ, ಬಿಗಿ ಮುಚ್ಚಳ. ಬೇಸಿಗೆಯ ರಾಯಚೂರು, ಕಲಬುರಗಿಗಳಲ್ಲಿ ತಂಪು ಜಾಗವೂ ಬೇಕು. ಕಂದಾದ ದ್ರಾವಣವನ್ನು ಬಳಸಿ ಪ್ರಯೋಜನವಿಲ್ಲ.

ಅಸ್ಥಿರತೆಗೆ ಪರಿಹಾರ ಹುಡುಕುವಾಗ ಪಿನೆಲ್ ಅವರ ಬಳಗಕ್ಕೆ ಒಂದು ಒಳ್ಳೆಯ ಸಂಯೋಜನೆ ಸಿಕ್ಕಿತು. ಶೇ. 15 ವಿಟಮಿನ್ ಸಿ ಮತ್ತು ಶೇ. 1 ವಿಟಮಿನ್ ಇ ಇರುವ ದ್ರಾವಣಕ್ಕೆ ಶೇ. 0.5 ಫೆರುಲಿಕ್ ಆಮ್ಲ ಬೆರೆಸಿದಾಗ ಎರಡೂ ವಿಟಮಿನ್ನುಗಳು ಸ್ಥಿರವಾದವು. ಬೆಳಕಿನ ವಿರುದ್ಧ ಸಿಗುವ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು ಎಂದು 2005ರ ವರದಿ ಹೇಳುತ್ತದೆ. ಫೆರುಲಿಕ್ ಆಮ್ಲ ಅಕ್ಕಿಯ ತೌಡು, ಗೋಧಿ ಮುಂತಾದ ಧಾನ್ಯಗಳ ಹೊರಪದರದಲ್ಲಿ ಸಹಜವಾಗಿರುವ ವಸ್ತು. ವಿಟಮಿನ್ ಸಿಗೆ ಉತ್ಕರ್ಷಣರೋಧದ ಹೊರತಾಗಿಯೂ ಕೆಲಸವಿದೆ: ಕೊಲ್ಲಾಜೆನ್ನಿನ ಎಳೆಗಳು ಹುರಿಗೊಳ್ಳಲು ಬೇಕಾದ ಕಿಣ್ವಗಳಿಗೆ ಅದು ಸಹಾಯಕ, ಮೆಲನಿನ್ ತಯಾರಿಯನ್ನೂ ಅಷ್ಟಿಷ್ಟು ತಗ್ಗಿಸುತ್ತದೆ.

ಉಳಿದವುಗಳ ಪುರಾವೆ ಇಷ್ಟು ಗಟ್ಟಿಯಿಲ್ಲ. ಲೇಪಗಳಲ್ಲಿ ಸಾಮಾನ್ಯವಾಗಿ ಬಳಸುವ ಟೋಕೊಫೆರಿಲ್ ಅಸಿಟೇಟ್ ಚರ್ಮದಲ್ಲಿ ನಿಜವಾದ ವಿಟಮಿನ್ ಇ ಆಗಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ. ಹಸಿರು ಚಹಾದ ಪಾಲಿಫಿನಾಲ್‌ಗಳು ಹಚ್ಚಿದಾಗ ಕೆಂಪನ್ನು ತಗ್ಗಿಸುವುದು ಕಂಡಿದೆ, ಆದರೆ ಅಂಗಡಿಯ ಲೇಪದಲ್ಲಿ ಅವು ಎಷ್ಟಿವೆ, ಎಷ್ಟು ಉಳಿದಿವೆ ಎಂಬುದು ಬೇರೆಯೇ ಪ್ರಶ್ನೆ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ಭಾರದ ಅಣುಗಳು ಆರೋಗ್ಯವಂತ ಕೊಂಬುಪದರವನ್ನು ದಾಟಲಾರವು. ಪರೀಕ್ಷಾನಳಿಕೆಯಲ್ಲಿ ತೋರಿದ ಉತ್ಕರ್ಷಣರೋಧ ಶಕ್ತಿಯನ್ನು ನೋಡಿ ಲೇಪವೊಂದರ ಬೆಲೆ ಕಟ್ಟುವುದು ಇದರಿಂದಲೇ ಸಲ್ಲದು.

ಗ್ಲುಟಥಯೋನಿನ ವಿಷಯದಲ್ಲಿ ನೇರವಾಗಿ ಹೇಳಬೇಕಾದದ್ದಿದೆ. ಅದು ಪ್ರತಿ ಕೋಶದ ಅಮೂಲ್ಯ ರಕ್ಷಕ. ಅದೇ ಕಾರಣ ಮುಂದಿಟ್ಟು, ಬಣ್ಣ ತಿಳಿಯಾಗಿಸುವುದಾಗಿ ಅದನ್ನು ರಕ್ತನಾಳಕ್ಕೆ ಚುಚ್ಚುವ ವ್ಯಾಪಾರ ಏಷ್ಯಾದ ನಗರಗಳಲ್ಲಿ ಬೆಳೆದಿದೆ. ಬಣ್ಣದ ಮೇಲಿನ ಪರಿಣಾಮಕ್ಕೆ ಪುರಾವೆ ದುರ್ಬಲ, ಅಪಾಯ ನಿಜವಾದದ್ದು. ಫಿಲಿಪ್ಪೀನ್ಸ್‌ನ ಔಷಧ ನಿಯಂತ್ರಣ ಸಂಸ್ಥೆ ಇದರ ವಿರುದ್ಧ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದೆ. ಕಂದು ಬಣ್ಣ ರೋಗವಲ್ಲ. ಚರ್ಮಕ್ಕೆ ಇರುವ ಅತ್ಯುತ್ತಮ ಸಹಜ ರಕ್ಷಣೆಯನ್ನು ತೆಗೆದುಹಾಕಲು ಉತ್ಕರ್ಷಣರೋಧಕದ ಹೆಸರನ್ನೇ ಬಳಸುವುದು ವಿಜ್ಞಾನಕ್ಕೆ ಬಗೆಯುವ ಅನ್ಯಾಯ.

ಆಹಾರ

ಚರ್ಮದ ಉತ್ಕರ್ಷಣರೋಧಕಗಳಲ್ಲಿ ಹಲವು ಊಟದಿಂದಲೇ ಬರಬೇಕು. ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ವಿಟಮಿನ್ ಸಿ ಕೊರತೆಯ ಸ್ಕರ್ವಿ ಹಳೆಯ ಉದಾಹರಣೆ: ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತವೆ, ಕೂದಲಬುಡದಲ್ಲಿ ರಕ್ತ ಜಿನುಗುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಇದನ್ನು ವಾಸಿಮಾಡಿದರು. ಆ ಹಣ್ಣುಗಳ ಸತ್ವವನ್ನು ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1928ರಲ್ಲಿ ಪ್ರತ್ಯೇಕಿಸಿದರು.

ಬಿಸಿಲಿಗೆ ಸಂಬಂಧಿಸಿದಂತೆ ಆಹಾರದ ಅತಿ ಚೊಕ್ಕ ಪುರಾವೆ ಟೊಮೆಟೊದ್ದು. ಡ್ಯೂಸೆಲ್‌ಡಾರ್ಫಿನ ವಿಲ್‌ಹೆಲ್ಮ್ ಸ್ಟಾಲ್, ಹೆಲ್ಮುಟ್ ಸೀಸ್ ಮುಂತಾದವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು ಆಲಿವ್ ಎಣ್ಣೆಯೊಂದಿಗೆ ಹತ್ತು ವಾರ ತಿಂದವರ ಚರ್ಮ, ತಿನ್ನದವರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ ಕೆಂಪಾಯಿತು. ಕೆಲಸ ಮಾಡಿದ್ದು ಸಿಂಗ್ಲೆಟ್ ಆಮ್ಲಜನಕವನ್ನು ತಣಿಸುವ ಲೈಕೊಪೀನ್. ಅದು ಹಸಿ ಹಣ್ಣಿಗಿಂತ ಬೆಂದ ಹಣ್ಣಿನಿಂದ, ಅದರಲ್ಲೂ ಎಣ್ಣೆಯ ಜೊತೆ ಚೆನ್ನಾಗಿ ಹೀರಿಕೆಯಾಗುತ್ತದೆ. ಒಗ್ಗರಣೆಯ ಟೊಮೆಟೊ ಗೊಜ್ಜು, ಸಾರುಗಳಲ್ಲಿ ಎರಡೂ ಇವೆ. ಆದರೆ ಇಲ್ಲಿ ಕಾಲವನ್ನು ಗಮನಿಸಬೇಕು: ನಾಲ್ಕು ವಾರಕ್ಕೆ ವ್ಯತ್ಯಾಸ ಕಾಣಲಿಲ್ಲ, ಹತ್ತು ವಾರಕ್ಕೆ ಕಂಡಿತು. ಸಿಕ್ಕ ರಕ್ಷಣೆಯೂ ಒಳ್ಳೆಯ ಸನ್‌ಸ್ಕ್ರೀನಿನ ಮುಂದೆ ತೀರ ಚಿಕ್ಕದು. ಕ್ಯಾರೊಟಿನಾಯ್ಡ್ ಔಷಧವಾಗಿಯೂ ಬಳಕೆಯಾಗಿದೆ. ಪಾರ್ಫಿರಿನ್ ಶೇಖರವಾಗಿ ಬೆಳಕು ಸೋಕಿದರೇ ಚರ್ಮ ಉರಿಯುವ ಒಂದು ವಂಶಪಾರಂಪರ್ಯ ರೋಗಕ್ಕೆ ಹಾರ್ವರ್ಡಿನ ಮಿಷೆಲಿನ್ ಮ್ಯಾಥ್ಯೂಸ್-ರಾತ್ 1970ರ ದಶಕದಲ್ಲಿ ಬೀಟಾ-ಕ್ಯಾರೊಟಿನ್ ಕೊಡಲಾರಂಭಿಸಿದರು.

ನಮ್ಮ ಕಡೆಯ ಆಹಾರದಲ್ಲಿ ಈ ವಸ್ತುಗಳಿಗೆ ಕೊರತೆಯಿಲ್ಲ. ಬೆಟ್ಟದ ನೆಲ್ಲಿಯ 100 ಗ್ರಾಂನಲ್ಲಿ ನೂರಾರು ಮಿಲಿಗ್ರಾಂ ವಿಟಮಿನ್ ಸಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಪುರುಷರಿಗೆ ದಿನಕ್ಕೆ ಸೂಚಿಸಿದ್ದು 80 ಮಿಲಿಗ್ರಾಂ, ಮಹಿಳೆಯರಿಗೆ 65. ಸೀಬೆ, ನುಗ್ಗೆಸೊಪ್ಪು, ಕರಿಬೇವು, ಶೇಂಗಾ ಸಿ, ಇ ಮತ್ತು ಕ್ಯಾರೊಟಿನ್‌ಗಳ ಅಗ್ಗದ ಮೂಲಗಳು. ರಾಗಿಯ ಕೆಂಗಂದು ಸಿಪ್ಪೆಯಲ್ಲಿ ಫಿನಾಲ್‌ಗಳು ಹೇರಳ, ಆದರೆ ಅವು ಚರ್ಮವನ್ನು ಬಿಸಿಲಿಂದ ಕಾಯುತ್ತವೆಂಬ ಮಾನವ ಪ್ರಯೋಗದ ಆಧಾರವಿಲ್ಲದೆ ಹಾಗೆ ಹೇಳಲಾಗದು. ಅರಿಸಿನದ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಬಲವಾದ ಉತ್ಕರ್ಷಣರೋಧಕ. ಗಾಯಕ್ಕೆ ಅರಿಸಿನ ಹಚ್ಚುವ ಜ್ಞಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿ 1997ರಲ್ಲಿ ರದ್ದುಮಾಡಿಸಿತು. ಹಾಗಿದ್ದೂ ತಿಂದ ಕರ್ಕ್ಯುಮಿನ್ ಕರುಳಿನಲ್ಲಿ ಬಹಳ ಕಡಿಮೆ ಹೀರಿಕೆಯಾಗುತ್ತದೆ, ಬೇಗ ಹೊರಹೋಗುತ್ತದೆ.

ಮಾತ್ರೆಗಳ ಪರೀಕ್ಷೆ

ಸಂಗ್ರಹಿಸಿ ಗುಳಿಗೆಯಾಗಿಸಿದ ಉತ್ಕರ್ಷಣರೋಧಕಗಳು ಚರ್ಮವನ್ನು ಕಾಯುತ್ತವೆಯೇ? ಇದಕ್ಕೆ ಉತ್ತರ ಕೊಟ್ಟ ಪ್ರಯೋಗಗಳಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನಂಬೋರ್ ಎಂಬ ಪಟ್ಟಣದಲ್ಲಿ 1992ರಿಂದ 1996ರವರೆಗೆ ನಡೆದದ್ದು ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು. ಆಡೆಲ್ ಗ್ರೀನ್ ನೇತೃತ್ವದಲ್ಲಿ 1,621 ನಿವಾಸಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಲಾಯಿತು, ಕೆಲವರಿಗೆ ದಿನಕ್ಕೆ 30 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್ ಕೊಡಲಾಯಿತು. ಒಂದೇ ಊರು, ಒಂದೇ ಬಿಸಿಲು, ಎರಡು ಉಪಾಯ. 1999ರಲ್ಲಿ ಬಂದ ಫಲಿತಾಂಶದಂತೆ ಸನ್‌ಸ್ಕ್ರೀನ್ ಗುಂಪಿನಲ್ಲಿ ಸ್ಕ್ವೇಮಸ್ ಕೋಶದ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ. 40ರಷ್ಟು ಕಡಿಮೆಯಾದವು, ಬೀಟಾ-ಕ್ಯಾರೊಟಿನ್‌ನಿಂದ ಕ್ಯಾನ್ಸರ್ ತಗ್ಗಲಿಲ್ಲ. ಇವರಲ್ಲಿ 55 ವರ್ಷದೊಳಗಿನ 903 ಮಂದಿಯ ಕೈಯ ಹಿಂಬದಿಯ ಚರ್ಮದ ಅಚ್ಚುಗಳನ್ನು ಹೋಲಿಸಿ 2013ರಲ್ಲಿ ವರದಿ ಮಾಡಿದಾಗ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24 ಕಡಿಮೆ. ಬೀಟಾ-ಕ್ಯಾರೊಟಿನ್‌ಗೆ ಇಲ್ಲಿಯೂ ಒಟ್ಟಾರೆ ಪರಿಣಾಮವಿಲ್ಲ.

ಪ್ರಯೋಜನವಿಲ್ಲದಿದ್ದರೆ ಅಷ್ಟೇ ಹೋಯಿತು ಎನ್ನುವಂತಿಲ್ಲ. ಫ್ರಾನ್ಸಿನ ಸು.ವಿ.ಮ್ಯಾಕ್ಸ್ ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಬೀಟಾ-ಕ್ಯಾರೊಟಿನ್, ಸೆಲೆನಿಯಂ ಮತ್ತು ಸತು ಬೆರೆಸಿದ ಗುಳಿಗೆಯನ್ನು ಸುಮಾರು ಏಳೂವರೆ ವರ್ಷ ತೆಗೆದುಕೊಂಡ ಮಹಿಳೆಯರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಯಿತು. ಪುರುಷರಲ್ಲಿ ಹಾಗಾಗಲಿಲ್ಲ, ಗುಳಿಗೆ ನಿಲ್ಲಿಸಿದ ಮೇಲೆ ಆ ಹೆಚ್ಚಳ ಮುಂದುವರಿಯಲಿಲ್ಲ. ಅಮೆರಿಕದಲ್ಲಿ ದಿನಕ್ಕೆ 200 ಮೈಕ್ರೊಗ್ರಾಂ ಸೆಲೆನಿಯಂ ಕೊಟ್ಟ ಪ್ರಯೋಗದಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಏರಿತು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ-ಕ್ಯಾರೊಟಿನ್ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು 1994ರಲ್ಲೇ ಗೊತ್ತಾಗಿತ್ತು. 2015ರಲ್ಲಿ ಸ್ವೀಡನ್ನಿನ ಮಾರ್ಟಿನ್ ಬೆರ್ಗೊ ಬಳಗ, ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇರುವ ಇಲಿಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಉತ್ಕರ್ಷಣರೋಧಕ ಕೊಟ್ಟರೆ ಗಡ್ಡೆ ಹೆಚ್ಚು ಹರಡುವುದನ್ನು ತೋರಿಸಿತು.

ಇದಕ್ಕೆ ವಿವರಣೆ ಚುರುಕು ಆಮ್ಲಜನಕದ ಇನ್ನೊಂದು ಮುಖದಲ್ಲಿದೆ. ಅದು ಬರೀ ಶತ್ರುವಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದರಿಂದಲೇ. ಗಾಯ ಮಾಗುವಾಗ ಕೋಶಗಳನ್ನು ಕರೆಯುವ ಸಂಜ್ಞೆಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡೂ ಒಂದು. ಸರಿಪಡಿಸಲಾಗದಷ್ಟು ಕೆಟ್ಟ ಕೋಶ ತಾನಾಗಿ ಸಾಯಲೂ ಅದು ಬೇಕು. ಕ್ಯಾನ್ಸರ್ ಕೋಶ ರಕ್ತಕ್ಕೆ ಜಾರಿದಾಗ ಅದನ್ನು ಕೊಲ್ಲುವುದೂ ಬಹುಮಟ್ಟಿಗೆ ಉತ್ಕರ್ಷಣ ಒತ್ತಡವೇ. ಹೊರಗಿನಿಂದ ತುಂಬಿದ ರಕ್ಷಣೆ ಒಳ್ಳೆಯ ಕೋಶ, ಕೆಟ್ಟ ಕೋಶ ಎಂದು ಭೇದ ಮಾಡುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಒಂದು ಗುಳಿಗೆಯ ಫಲಿತಾಂಶ ಆಶಾದಾಯಕವಾಗಿದೆ. ಸಿಡ್ನಿಯ ಡಯೋನಾ ಡೇಮಿಯನ್ ಮತ್ತಿತರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ಚರ್ಮದ ಕ್ಯಾನ್ಸರ್ ಬಂದಿದ್ದ 386 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಕೋಟಿನಮೈಡ್ ಎಂಬ ಬಿ-3 ವಿಟಮಿನ್ನಿನ 500 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆರಡು ಸಲ ಒಂದು ವರ್ಷ ಕೊಡಲಾಯಿತು. ಮೆಲನೋಮವಲ್ಲದ ಹೊಸ ಕ್ಯಾನ್ಸರುಗಳು ಶೇ. 23 ತಗ್ಗಿದವು. ಆದರೆ ಅದು ರ್‍ಯಾಡಿಕಲ್ ಹಿಡಿಯುವ ವಸ್ತುವಲ್ಲ. ಕೆಟ್ಟ ಡಿಎನ್‌ಎ ರಿಪೇರಿಗೆ ಬೇಕಾದ ಶಕ್ತಿ ಕೋಶದಲ್ಲಿ ಬತ್ತದಂತೆ ಅದು ನೋಡಿಕೊಳ್ಳುತ್ತದೆ. ನಿಲ್ಲಿಸಿದ ಮೇಲೆ ಲಾಭವೂ ನಿಂತಿತು.

ಬಳಕೆಯ ಕ್ರಮ

ಉತ್ಕರ್ಷಣರೋಧಕದ ಲೇಪ ಕಿರಣವನ್ನು ತಡೆಯುವುದಿಲ್ಲ, ತಡೆ ದಾಟಿ ಬಂದದ್ದರ ಪರಿಣಾಮವನ್ನು ತಗ್ಗಿಸುತ್ತದೆ. ಸನ್‌ಸ್ಕ್ರೀನ್ ಯಾವುದೂ ಎಲ್ಲ ಕಿರಣವನ್ನು ತಡೆಯಲಾರದು, ಜನ ಹಚ್ಚುವ ಪ್ರಮಾಣವೂ ಪರೀಕ್ಷೆಯಲ್ಲಿ ಹಚ್ಚುವ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂಗಿಂತ ಬಹಳ ಕಡಿಮೆ. ಆದ್ದರಿಂದ ಎರಡನ್ನೂ ಕೂಡಿಸಿ ಬಳಸುವುದು ವಾಡಿಕೆ: ಬೆಳಗ್ಗೆ ಮೊದಲು ವಿಟಮಿನ್ ಸಿ ದ್ರಾವಣ, ಅದು ಆರಿದ ಮೇಲೆ ಯುವಿ-ಎ ಮತ್ತು ಯುವಿ-ಬಿ ಎರಡನ್ನೂ ತಡೆಯುವ ಸನ್‌ಸ್ಕ್ರೀನ್. ಬಂಗು ಇರುವವರಿಗೆ ಕಬ್ಬಿಣದ ಆಕ್ಸೈಡ್ ಬೆರೆತ, ಚರ್ಮದ ಬಣ್ಣಕ್ಕೆ ಹೊಂದುವ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಅದು ಕಾಣುವ ಬೆಳಕನ್ನೂ ತಡೆಯುತ್ತದೆ. ಹೊಲ, ಕಟ್ಟಡ, ರಸ್ತೆಗಳಲ್ಲಿ ದಿನವಿಡೀ ದುಡಿಯುವವರಿಗೆ ದುಬಾರಿ ಶೀಶೆಗಳು ಎಟುಕುವುದಿಲ್ಲ. ಅವರಿಗೆ ಉದ್ದ ತೋಳಿನ ಒತ್ತು ನೇಯ್ಗೆಯ ಬಟ್ಟೆ, ತಲೆಗೆ ರುಮಾಲು ಅಥವಾ ಅಗಲ ಅಂಚಿನ ಟೋಪಿ, ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಸಾಧ್ಯವಾದಷ್ಟು ನೆರಳು, ಸೊಪ್ಪು ಹಣ್ಣಿರುವ ಊಟ ಇವುಗಳಿಂದ ಸಿಗುವ ರಕ್ಷಣೆ ಯಾವ ಲೇಪಕ್ಕೂ ಕಡಿಮೆಯಿಲ್ಲ. ವೈದ್ಯರ ಸಲಹೆಯಿಲ್ಲದೆ ಹೆಚ್ಚಿನ ಪ್ರಮಾಣದ ಉತ್ಕರ್ಷಣರೋಧಕ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗುವುದು ಸರಿಯಲ್ಲ. ಚರ್ಮದ ಕ್ಯಾನ್ಸರ್ ಬಂದಿದ್ದವರು ಮತ್ತು ಧೂಮಪಾನಿಗಳು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು.